2 ಕೋಟಿ ಜನ ಕರೆದರೂ ಆತ ಹೋಗಲಿಲ್ಲ

ಇರೋದು ಸುಮಾರು 20 ಸಾವಿರ ಸೀಟು. ಟಿಕೆಟ್ ಬೇಕು ಅಂತ ಬಂದ ಅರ್ಜಿ ಎಷ್ಟು ಗೊತ್ತಾ? 2 ಕೋಟಿ ಅಂತ ವರದಿಯಾಯಿತು! ಅದು 2007ರ ಡಿಸೆಂಬರ್ 10, ಲಂಡನ್ನಿನ ಓ2 ಅರೀನಾ. ವೇದಿಕೆ ಮೇಲಿದ್ದದ್ದು ಲೆಡ್ ಜೆಪೆಲಿನ್.

ಈ ಹೆಸರು ಕೇಳದವರಿಗೆ ಚಿಕ್ಕದಾಗಿ ಹೇಳ್ತೀನಿ. 1968ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ರಾಕ್ ಬ್ಯಾಂಡ್. ನಾಲ್ಕೇ ಜನ. ಗಾಯಕ ರಾಬರ್ಟ್ ಪ್ಲಾಂಟ್ ದನಿ ಏರಿಸಿದರೆ ಕ್ರೀಡಾಂಗಣವೇ ಎದ್ದು ನಿಲ್ಲುತ್ತಿತ್ತು. 1980ರ ಸೆಪ್ಟೆಂಬರಿನಲ್ಲಿ ಡ್ರಮ್ಮರ್ ಜಾನ್ ಬಾನಮ್ ಕುಡಿತಕ್ಕೆ ಬಲಿಯಾದರು. ವಯಸ್ಸು ಬರೀ 32. ಅವರ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಿ ಮುಂದುವರಿಯಲು ಉಳಿದ ಮೂವರಿಗೆ ಮನಸ್ಸಾಗಲಿಲ್ಲ. ಡಿಸೆಂಬರಿನಲ್ಲಿ ಬ್ಯಾಂಡ್ ನಿಂತೇ ಹೋಯಿತು.

27 ವರ್ಷದ ಮೇಲೆ ಲಂಡನ್ನಿನಲ್ಲಿ ಡ್ರಮ್ಸ್ ಬಾರಿಸಿದ್ದು ಬಾನಮ್ ಮಗ ಜೇಸನ್. ಇನ್ನೇನು, ವಿಶ್ವ ಪ್ರವಾಸ ಗ್ಯಾರಂಟಿ ಅಂತ ಎಲ್ಲರೂ ಕಾದರು. ಹಣದ ಹೊಳೆಯೇ ಹರಿಯುತ್ತಿತ್ತು. ಆದರೆ 2008ರಲ್ಲಿ ಪ್ಲಾಂಟ್ ಹೇಳಿಕೆ ಕೊಟ್ಟೇಬಿಟ್ಟರು: ನಾನು ಬರಲ್ಲ.

ಹಾಗಾದರೆ ಆತ ಹೋಗಿದ್ದೆಲ್ಲಿಗೆ? ಅಮೆರಿಕದ ಗಾಯಕಿ, ಪಿಟೀಲು ವಾದಕಿ ಆಲಿಸನ್ ಕ್ರೌಸ್ ಜೊತೆಗೆ. ಆಕೆಯದು ಬ್ಲೂಗ್ರಾಸ್, ಅಂದರೆ ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್ ಹಿಡಿದು ನುಡಿಸುವ ಅಲ್ಲಿನ ಹಳ್ಳಿಗಾಡಿನ ಸಂಗೀತ. ಇಬ್ಬರೂ ಸೇರಿ ಮಾಡಿದ ‘ರೈಸಿಂಗ್ ಸ್ಯಾಂಡ್’ ಆಲ್ಬಂ 2007ರ ಅಕ್ಟೋಬರಿನಲ್ಲೇ ಬಂದಿತ್ತು. ಅದರಲ್ಲಿ ಎಲೆಕ್ಟ್ರಿಕ್ ಗಿಟಾರ್ ಇಲ್ಲ ಅಂತಲ್ಲ, ಇದೆ. ಅಬ್ಬರ ಮಾತ್ರ ಇಲ್ಲ.

ಇಲ್ಲೇ ನೋಡಿ ಕಷ್ಟ ಇರೋದು. ರಾಕ್ ಗಾಯಕನಿಗೆ ಹಿಂದಿನ ಸದ್ದೇ ಒಂದು ರಕ್ಷಣೆ. ದನಿ ಸ್ವಲ್ಪ ಜಾರಿದರೂ ಡ್ರಮ್ಸ್ ಮುಚ್ಚಿಹಾಕುತ್ತೆ. ಸದ್ದು ಇಳಿದಾಗ ಉಸಿರು ಎಳೆದುಕೊಂಡದ್ದೂ ಕೇಳುತ್ತೆ. ಮೇಲಾಗಿ ಇಬ್ಬರು ಒಟ್ಟಿಗೆ ಹಾಡುವಾಗ ಒಬ್ಬರು ಮನಸ್ಸಿಗೆ ಬಂದ ಹಾಗೆ ಎಳೆಯೋ ಹಾಗಿಲ್ಲ. ಪಕ್ಕದವರ ದನಿಗೆ ಕಿವಿ ಕೊಡಲೇಬೇಕು. ದಶಕಗಳ ಕಾಲ ಒಬ್ಬರೇ ಮೆರೆದವರು 59ರ ವಯಸ್ಸಿನಲ್ಲಿ ಅದಕ್ಕೆ ತಗ್ಗಿದರು.

ಫಲ? 2009ರ ಫೆಬ್ರವರಿಯಲ್ಲಿ ಒಂದೇ ರಾತ್ರಿ 5 ಗ್ರ್ಯಾಮಿ. ವರ್ಷದ ಆಲ್ಬಂ ಪ್ರಶಸ್ತಿಯೂ ಅದರಲ್ಲೇ ಸೇರಿತ್ತು.

ಪ್ರಶಸ್ತಿ ಬಂತು ಅಂತ ಆತನ ತೀರ್ಮಾನ ಸರಿ ಅಂತ ನಾನು ಹೇಳ್ತಿಲ್ಲ. ಇಲ್ಲ ಅಂದಾಗ ಆ 5 ಗ್ರ್ಯಾಮಿ ಇನ್ನೂ ಬಂದಿರಲೇ ಇಲ್ಲ. ಜನ ನಮ್ಮನ್ನು ಯಾವುದಕ್ಕೆ ಮೆಚ್ಚಿದರೋ ಅದನ್ನೇ ಸಾಯುವ ತನಕ ಮಾಡ್ತಾ ಇರೋದು ಸುಲಭ. ಚಪ್ಪಾಳೆ ಜೋರಾಗಿರುವಾಗಲೇ ದನಿ ತಗ್ಗಿಸಿ ಹೊಸದಾಗಿ ಕಲಿಯೋಕೆ ಕೂತರಲ್ಲ, ಅದಕ್ಕೆ ಗುಂಡಿಗೆ ಬೇಕು.