ಬೂದು ಜೋಡಿಯ ಕಂದು ಮರಿ: ಜೀಬ್ರಾ ಫಿಂಚ್‌ಗಳ ಮಿಶ್ರ ವಂಶ

ಸೀತೂರಿನಂಥ ಮಲೆನಾಡಿನ ಊರುಗಳಲ್ಲಿ ಭತ್ತದ ಗದ್ದೆಗೆ ಗುಂಪುಗುಂಪಾಗಿ ಇಳಿಯುವ ರಾಟವಾಳಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವಾದರೂ, ಅವುಗಳದೇ ಕುಟುಂಬಕ್ಕೆ ಸೇರಿದ ವಿದೇಶಿ ಹಕ್ಕಿ ಜೀಬ್ರಾ ಫಿಂಚ್ ಪೇಟೆಯ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತದೆ. ಇದನ್ನು ಸಾಕುವವರಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಯೆಂದರೆ, ಬೂದು ಬಣ್ಣದ ಗಂಡು ಹೆಣ್ಣುಗಳಿಗೆ ತಿಳಿಗಂದು ಮರಿ ಹುಟ್ಟುವುದು ಹೇಗೆ ಎಂಬುದು.

ಈ ಹಕ್ಕಿಯಲ್ಲಿ ಎರಡು ರೂಪಗಳಿವೆ: ಒಂದು ಆಸ್ಟ್ರೇಲಿಯಾದ್ದು, ಇನ್ನೊಂದು ತಿಮೋರ್ ಮತ್ತು ಅದರ ಆಸುಪಾಸಿನ ದ್ವೀಪಗಳದ್ದು. ಪಂಜರದ ಹಕ್ಕಿಗಳು ಬಹುಪಾಲು ಆಸ್ಟ್ರೇಲಿಯಾ ಮೂಲದವು. ಹತ್ತೊಂಬತ್ತನೆಯ ಶತಮಾನದಲ್ಲೇ ಯುರೋಪಿಗೆ ಹೋದ ಇವುಗಳ ಸಂತತಿ ಅಲ್ಲಿಯ ಸಾಕಣೆದಾರರ ಕೈಯಲ್ಲಿ ಹಲವು ಬಣ್ಣಗಳನ್ನು ಪಡೆಯಿತು. 1960ರಲ್ಲಿ ಆಸ್ಟ್ರೇಲಿಯಾ ತನ್ನ ವನ್ಯಜೀವಿಗಳ ವಾಣಿಜ್ಯ ರಫ್ತನ್ನು ನಿಲ್ಲಿಸಿದ ಮೇಲೆ ಸಾಕಣೆಯೆಲ್ಲ ಪಂಜರದ ಪೀಳಿಗೆಗಳನ್ನೇ ನೆಚ್ಚಿಕೊಂಡಿತು. ಹೀಗೆ ಬೆರೆತು ಬಂದ ಹಕ್ಕಿಗಳನ್ನು ‘ಶುದ್ಧ ತಳಿ’ಯೆಂದು ಹೆಚ್ಚಿನ ಬೆಲೆಗೆ ಮಾರುವ ಮಾತಿಗೆ ಹುರುಳಿಲ್ಲ.

ಕಂದು ಮರಿಯ ಒಗಟನ್ನು ಬಿಡಿಸುವುದು ವರ್ಣತಂತುಗಳು, ಅಂದರೆ ಆನುವಂಶಿಕ ಗುಣಗಳನ್ನು ಹೊತ್ತ ಎಳೆಗಳು. ಮನುಷ್ಯರಲ್ಲಿ ಗಂಡಿನ ಲಿಂಗ ವರ್ಣತಂತುಗಳು ಬೇರೆಬೇರೆಯಾಗಿದ್ದರೆ, ಹಕ್ಕಿಗಳಲ್ಲಿ ಗಂಡಿಗೆ ಎರಡು ‘ಝಡ್’ ಇದ್ದು, ಹೆಣ್ಣಿಗೆ ಒಂದು ‘ಝಡ್’ ಮತ್ತು ಒಂದು ‘ಡಬ್ಲ್ಯೂ’ ಇರುತ್ತವೆ. ತಿಳಿಗಂದು ಬಣ್ಣದ ಜೀನ್ ‘ಝಡ್’ ಮೇಲಿದ್ದು, ಬೂದಿನ ಜೀನ್ ಜೊತೆಗಿದ್ದರೆ ಅಡಗಿಯೇ ಉಳಿಯುತ್ತದೆ. ಆದ್ದರಿಂದ ಗಂಡು ಹೊರಗೆ ಬೂದಾಗಿದ್ದೂ ಒಳಗೆ ಕಂದನ್ನು ಹೊತ್ತಿರಬಲ್ಲದು, ಒಂದೇ ‘ಝಡ್’ ಇರುವ ಹೆಣ್ಣಿಗೆ ಹಾಗೆ ಬಚ್ಚಿಡಲು ಎಡೆಯೇ ಇಲ್ಲ. ಬೂದು ಜೋಡಿಗೆ ಕಂದು ಮರಿ ಹುಟ್ಟಿತೆಂದರೆ ಆ ಜೀನ್ ತಂದೆಯಿಂದಲೇ ಬಂದದ್ದು, ಮರಿಯೂ ಹೆಣ್ಣೇ. ಮರಿಯ ಕಪ್ಪು ಕೊಕ್ಕು ಬಣ್ಣಗೂಡುವುದಕ್ಕೆ ಮುನ್ನವೇ, ಗೂಡಿನಲ್ಲಿರುವಾಗಲೇ ಅದರ ಲಿಂಗವನ್ನು ಇಷ್ಟು ಖಚಿತವಾಗಿ ಹೇಳಲಾಗುವುದು ನಿಜಕ್ಕೂ ಸೊಗಸಾದ ಸಂಗತಿ.

ಎಲ್ಲ ಬೆರಕೆಯೂ ಇಷ್ಟು ನಿರಪಾಯಕಾರಿಯಲ್ಲ. ಜುಟ್ಟಿನ ಜೀನ್ ತಂದೆತಾಯಿ ಇಬ್ಬರಿಂದಲೂ ಬಂದರೆ ಭ್ರೂಣ ಮೊಟ್ಟೆಯಲ್ಲೇ ಸಾಯುವುದರಿಂದ, ಜುಟ್ಟಿನ ಎರಡು ಹಕ್ಕಿಗಳನ್ನು ಜೋಡಿ ಮಾಡಕೂಡದು.

ಆಸ್ಟ್ರೇಲಿಯಾದ ಒಣ ಒಳನಾಡಿನಲ್ಲಿ ಮಳೆ ಬಿದ್ದು ಹುಲ್ಲು ಕಾಳುಗಟ್ಟಿದಾಗ ಮರಿಮಾಡುವ ಈ ಹಕ್ಕಿ, ಕಾಳೂ ನೀರೂ ಎಂದೂ ತಪ್ಪದ ಪಂಜರದಲ್ಲಿ ಬಿಡುವಿಲ್ಲದೆ ಮೊಟ್ಟೆಯಿಡತೊಡಗುತ್ತದೆ. ಹೆಣ್ಣಿನ ಮೈಯ ಸುಣ್ಣದಂಶ ಬರಿದಾಗಿ ಮೊಟ್ಟೆ ಹೊರಬರದೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಸಂಚಕಾರ. ಕುದಿಸಿ ಒಣಗಿಸಿದ ಕೋಳಿಮೊಟ್ಟೆಯ ಚಿಪ್ಪಿನ ಪುಡಿ ಸದಾ ಸಿಗುವಂತಿಡುವುದು, ಎರಡು ಮೂರು ಸೂಲುಗಳಾದ ಮೇಲೆ ಗೂಡಿನ ಕುಡಿಕೆಯನ್ನು ಕೆಲವು ತಿಂಗಳು ತೆಗೆದಿಡುವುದು ಅವಶ್ಯ. ಮಲೆನಾಡಿನ ಮಳೆಗಾಲದಲ್ಲಂತೂ ತೇವಕ್ಕೆ ನವಣೆ ಬೇಗ ಬೂಷ್ಟು ಹಿಡಿಯುತ್ತದೆ. ಅಂಥ ಕಾಳು ಇಷ್ಟು ಪುಟ್ಟ ಹಕ್ಕಿಗೆ ವಿಷವಾಗಬಲ್ಲದಾದ್ದರಿಂದ, ನವಣೆಯನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ದಿನಕ್ಕೆ ಬೇಕಾದಷ್ಟನ್ನೇ ಹಾಕಬೇಕು.