ಕೂರಲು ಒಂದು ಕಟ್ಟೆ

ಸಂಜೆ ಐದೂವರೆಯ ಹೊತ್ತು. ಬಿಸಿಲು ಇಳಿದಿದೆ. ನೌಕರಿಯಿಂದ ನಿವೃತ್ತರಾದ ಮಹನೀಯರೊಬ್ಬರು ಬಸವೇಶ್ವರನಗರದ ತಮ್ಮ ಮನೆಯ ಗೇಟನ್ನು ಮುಂದಕ್ಕೆಳೆದು ಬೀದಿಗಿಳಿಯುತ್ತಾರೆ. ಕೈಯಲ್ಲಿ ಚೀಲವಿಲ್ಲ, ಆದ್ದರಿಂದ ತರಕಾರಿಗಲ್ಲ. ಕಾಲಲ್ಲಿ ಬೂಟೂ ಇಲ್ಲ. ಆದ್ದರಿಂದ ವೈದ್ಯರು ವಿಧಿಸಿದ ವ್ಯಾಯಾಮಕ್ಕೂ ಅಲ್ಲ. “ಎಲ್ಲಿಗೆ ಹೊರಟಿರಿ?” ಎಂದು ಒಳಗಿನಿಂದ ಪ್ರಶ್ನೆ. “ಇಲ್ಲೇ, ಹೀಗೆ” ಎಂದು ಉತ್ತರ.

ಈ ‘ಇಲ್ಲೇ, ಹೀಗೆ’ ಎಂಬ ಊರು ಯಾವ ಭೂಪಟದಲ್ಲಿಯೂ ದೊರೆಯದು. ಹಿಂದೆ ಅದಕ್ಕೊಂದು ಖಚಿತವಾದ ವಿಳಾಸವಿತ್ತು. ಅದು ಅರಳಿಕಟ್ಟೆಯಾಗಿರಬಹುದು, ಗುಡಿಯ ಪೌಳಿಯಾಗಿರಬಹುದು, ಎದುರು ಮನೆಯ ಜಗಲಿಯಾಗಿರಬಹುದು. ಅಲ್ಲಿಗೆ ಹೋಗಲು ಆಮಂತ್ರಣ ಬೇಕಿರಲಿಲ್ಲ. ಕೂತದ್ದಕ್ಕೆ ಯಾರೂ ಬಾಡಿಗೆ ಕೇಳುತ್ತಿರಲಿಲ್ಲ. ಇಂದು ಮೂವತ್ತು ನಲವತ್ತರ ನಿವೇಶನದಲ್ಲಿ ಜಗಲಿಗೆ ಎಡೆಯೆಲ್ಲಿ? ಇದ್ದ ಮೂರಡಿ ಜಾಗವನ್ನು ಕಾರು ನುಂಗಿದೆ. ಉಳಿದದ್ದನ್ನು ಕಬ್ಬಿಣದ ಗೇಟು ಕಾಯುತ್ತಿದೆ.

ರೇ ಓಲ್ಡನ್‌ಬರ್ಗ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1989ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇಂಥ ತಾಣಕ್ಕೆ ‘ಮೂರನೆಯ ಸ್ಥಳ’ವೆಂದು ನಾಮಕರಣ ಮಾಡಿದರು. ಮೊದಲನೆಯದು ಮನೆ, ಎರಡನೆಯದು ಕಚೇರಿ. ಮೂರನೆಯದು ಇವೆರಡೂ ಅಲ್ಲದ, ಮಾತೇ ಮುಖ್ಯ ವ್ಯಾಪಾರವಾಗಿರುವ, ಬಡವ ಬಲ್ಲಿದರಿಬ್ಬರೂ ಕೂರಬಹುದಾದ ಜಾಗ. ನಮ್ಮ ಹಿರಿಯರು ಅದನ್ನೇ ಹರಟೆಕಟ್ಟೆ ಎನ್ನುತ್ತಿದ್ದರು. ಗ್ರಂಥ ಬರೆಯುವ ಗೋಜಿಗೆ ಮಾತ್ರ ಹೋಗಲಿಲ್ಲ. ಇದನ್ನು ಸೋಮಾರಿಗಳ ಚಿಂತೆಯೆಂದು ತಳ್ಳಿಹಾಕುವಂತಿಲ್ಲ. ಲೋಕದಲ್ಲಿ ಆರು ಮಂದಿಯಲ್ಲೊಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು 2025ರಲ್ಲಿ ವರದಿ ಮಾಡಿದೆ. ಮಕ್ಕಳು ಹೊರದೇಶದಲ್ಲಿರುವ ಮನೆಗಳು ಹೆಚ್ಚಾಗುತ್ತಿರುವ ಬಡಾವಣೆಗಳಲ್ಲಿ ಈ ಲೆಕ್ಕವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನ ಪಶ್ಚಿಮ ಭಾಗ ಹುಟ್ಟಿದ್ದೇ ದುಡಿಯುವವರಿಗಾಗಿ. ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿ 1945ರಲ್ಲಿ ರಚನೆಯಾಯಿತು. ಅನಂತರ ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರಿನಲ್ಲಿ ರಾಜಾಜಿನಗರ ಮೈದಳೆಯಿತು. ಅದರ ಬೆನ್ನಿಗೇ ಕೈಗಾರಿಕಾ ಉಪನಗರವೂ ಬೆಳೆಯಿತು. 1916ರಲ್ಲಿ ಆರಂಭವಾಗಿದ್ದ ಸರಕಾರಿ ಸಾಬೂನು ಕಾರ್ಖಾನೆ 1957ರಲ್ಲಿ ಇಲ್ಲಿಗೆ ಬಂದಿತು. ಆ ಹಾದಿಯಲ್ಲಿ ನಡೆದವರ ಮೂಗಿಗೆ ಶ್ರೀಗಂಧದ ಪರಿಮಳ ಇಂದಿಗೂ ಉಚಿತವಾಗಿ ದೊರೆಯುತ್ತದೆ. ಪಾಳಿ ಮುಗಿಸಿ ಬಂದವನಿಗೆ ಬೇಕಾದದ್ದು ಒಂದು ಬೆಂಚು, ಒಂದು ಲೋಟ ಕಾಫಿ, ಸಂಬಳದ ಕಷ್ಟವನ್ನು ತೋಡಿಕೊಳ್ಳಲು ಒಬ್ಬ ಸ್ನೇಹಿತ. ‘ಬೈ ಟೂ’ ಎಂಬ ಪದ್ಧತಿ ಬೆಂಗಳೂರಿನವರ ಬಾಯಲ್ಲಿ ನೆಲೆನಿಂತದ್ದು ಸುಮ್ಮನೆ ಅಲ್ಲ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿದರೆ ಹಣ ಅರ್ಧವಾಗುತ್ತದೆ. ಮಾತು ಮಾತ್ರ ಅರ್ಧವಾಗುವುದಿಲ್ಲ.

ಕುರ್ಚಿ ಹೋದ ಕಥೆ

ಆದರೆ ಆ ಬೆಂಚು ಏನಾಯಿತು? 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಎಂಬ ಉಪಾಹಾರ ಗೃಹ ತೆರೆಯಿತು. ಮಾಣಿ ಇಲ್ಲ, ಕುರ್ಚಿ ಇಲ್ಲ. ಮುಂಗಡ ಹಣ ತೆತ್ತು, ಚೀಟಿ ಕೊಟ್ಟು, ತಟ್ಟೆ ಹಿಡಿದು, ನಿಂತೇ ತಿಂದು ಹೊರಡಬೇಕು. ಚೊಕ್ಕಟವಾದ ಅಡಿಗೆ, ಅಗ್ಗದ ಬೆಲೆ. ಜನ ಮೆಚ್ಚಿದರು, ಊರಿನ ಬೀದಿಬೀದಿಯಲ್ಲೂ ದರ್ಶಿನಿಗಳು ಹುಟ್ಟಿಕೊಂಡವು. ಅಗ್ಗವಾದದ್ದಕ್ಕೆ ಕಾರಣವೇ ಕುರ್ಚಿಯಿಲ್ಲದಿರುವುದು. ಒಬ್ಬ ಗಿರಾಕಿ ಅರ್ಧ ಗಂಟೆ ಕೂರುವ ಜಾಗದಲ್ಲಿ ಹತ್ತು ಮಂದಿ ತಿಂದು ಹೋದರೆ ಮಾಲಿಕನಿಗೆ ಬೆಲೆ ಇಳಿಸಲು ಸಾಧ್ಯ. ಹೀಗೆ ಇಡ್ಲಿ ಉಳಿಯಿತು, ಹರಟೆ ಹೋಯಿತು. 2017ರಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟವೆಂದು ಆರಂಭವಾದ ಇಂದಿರಾ ಕ್ಯಾಂಟೀನು ಬಡವನ ಹೊಟ್ಟೆಗೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಅಲ್ಲಿಯೂ ತಿಂದವನು ಮುಂದಿನವನಿಗೆ ದಾರಿ ಬಿಡಬೇಕು.

ಕೂರಲು ಮೆತ್ತನೆಯ ಆಸನ ಬೇಕೆಂದರೆ ಹವಾನಿಯಂತ್ರಿತ ಕಾಫಿ ಅಂಗಡಿಗಳಿವೆ. ಅಲ್ಲಿನ ಕಾಫಿಯ ಬೆಲೆ ಕಾಫಿಯದಲ್ಲ, ಕುರ್ಚಿಯದು. ಕಾಲೇಜಿನ ತರುಣರು ತಿಂಗಳಿಗೊಮ್ಮೆ ಹೋಗಿ ಬರಬಹುದು. ಪಿಂಚಣಿದಾರರು ದಿನವೂ ಹೋಗುವಂತಿಲ್ಲ. ವಿಜಯನಗರದಲ್ಲಿ 2024ರಲ್ಲಿ ತೆರೆದ ಶ್ರೀ ಕೃಷ್ಣದೇವರಾಯ ಪಾಲಿಕೆ ಬಜಾರು ನೆಲದಡಿಯ ತಂಪಾದ ಪೇಟೆ. ಬೇಸಗೆಯ ಮಧ್ಯಾಹ್ನ ಅಡ್ಡಾಡಲು ಸೊಗಸು. ಆದರೂ ಅದು ಪೇಟೆಯೇ.

ಹಾಗಾದರೆ ಕೂರುವುದೆಲ್ಲಿ? ಹಂಪಿನಗರದ ಕಡೆಗೆ ಒಮ್ಮೆ ನಡೆದು ನೋಡಬೇಕು. ಅಲ್ಲಿನ ನಗರ ಕೇಂದ್ರ ಗ್ರಂಥಾಲಯದಲ್ಲಿ ಬೆಳಗಿನಿಂದಲೇ ಜನ. ಹಿರಿಯರು ದಿನಪತ್ರಿಕೆಯ ಹಾಳೆಗಳನ್ನು ತಮ್ಮತಮ್ಮಲ್ಲಿ ಹಂಚಿಕೊಂಡು ಓದುತ್ತಾರೆ. ಹಳ್ಳಿಗಳಿಂದ ಬಂದು ಸಣ್ಣ ಕೋಣೆಗಳಲ್ಲಿ ಬಾಡಿಗೆಗಿರುವ ತರುಣ ತರುಣಿಯರು ಸರಕಾರಿ ಹುದ್ದೆಗಳ ಪರೀಕ್ಷೆಗೆಂದು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ತಂದು ಓದುತ್ತಾರೆ. ಅವರಿಗೆ ಬೇಕಾದದ್ದು ಗ್ರಂಥಾಲಯದ ಗ್ರಂಥಕ್ಕಿಂತ ಹೆಚ್ಚಾಗಿ ಗ್ರಂಥಾಲಯದ ಮೇಜು, ದೀಪ, ಪಕ್ಕದಲ್ಲಿ ತನ್ನಂತೆಯೇ ಓದುತ್ತಿರುವ ಇನ್ನೊಂದು ಜೀವ. ನಾಲ್ವರಿರುವ ಕೋಣೆಯಲ್ಲಿ ಒಬ್ಬನೇ ಇದ್ದಂತೆ ತೋರುತ್ತದೆ. ನೂರು ಮಂದಿ ಮೌನವಾಗಿರುವ ಈ ಸಭಾಂಗಣದಲ್ಲಿ ಹಾಗೆ ತೋರುವುದಿಲ್ಲ. ಇದು ಚೋದ್ಯವಾದರೂ ದಿಟ.

ಈ ಮೇಜಿಗೆ ಹಣ ಕೊಟ್ಟವರಾರೆಂದು ಕೇಳಿದರೆ, ಓದುಗರಲ್ಲಿ ಅನೇಕರು ತಮ್ಮನ್ನೇ ತೋರಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದಲ್ಲಿ, 1965ರಲ್ಲಿ, ಆದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರವನ್ನೂ ಸೇರಿಸಿತು. ಈಗ ಅದು ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಇದೆ. ಕಂದಾಯ ಕಟ್ಟುವಾಗ ಗೊಣಗುವ ಗೃಹಸ್ಥರು ವರ್ಷಕ್ಕೊಮ್ಮೆಯಾದರೂ ಹೋಗಿ ತಮ್ಮ ಪಾಲಿನ ಕುರ್ಚಿಯ ಮೇಲೆ ಕೂತು ಬರುವುದು ನ್ಯಾಯ. ಗ್ರಂಥಾಲಯ ವಿಜ್ಞಾನದ ಪಿತಾಮಹ ಡಾ. ಎಸ್. ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಇದೇ ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಇಲ್ಲಿಯೇ ತೀರಿಕೊಂಡರು. 1931ರಲ್ಲಿ ಅವರು ಹೇಳಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸಬೇಕೆಂಬುದು. ಹಂಪಿನಗರದ ಹಿರಿಯರ ತೊಂದರೆ ಇದಕ್ಕೆ ತಿರುವುಮುರುವು. ಅವರ ಬಳಿ ಸಮಯ ವಿಪರೀತವಾಗಿ ಉಳಿದುಬಿಟ್ಟಿದೆ!

ಒಳಗೆ ಮಾತಾಡುವಂತಿಲ್ಲ. ಆದ್ದರಿಂದ ಮಾತೆಲ್ಲ ಹೊರಗಿನ ಚಹದ ಅಂಗಡಿಯ ಮುಂದೆ ನಡೆಯುತ್ತದೆ. ನೇಮಕಾತಿಯ ಸುದ್ದಿ, ಕೊಠಡಿ ಬಾಡಿಗೆ, ಊರಿನಲ್ಲಿ ಮಳೆ, ಯಾರಿಗೋ ಬಂದ ಆದೇಶ ಪತ್ರ, ಯಾರಿಗೋ ಮುಗಿಯುತ್ತಿರುವ ವಯೋಮಿತಿ.

ಉದ್ಯಾನಗಳ ವಿಷಯವನ್ನು ಬಡಾವಣೆಯವರು ಬಲ್ಲರು. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ತೆರೆದು, ನಡುವೆ ಬೀಗ ಹಾಕುವುದು ಬಹುಕಾಲದ ವಾಡಿಕೆಯಾಗಿತ್ತು. ನೆರಳು ಬೇಕಾದ ಹೊತ್ತಿಗೇ ಮರಗಳು ಬೇಲಿಯ ಆಚೆ. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೂ ತೆರೆದಿರಬೇಕೆಂಬ ತೀರ್ಮಾನ 2024ರಲ್ಲಿ ಬಂದಿತು. 2025ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆ ಐದು ಪಾಲಾಗಿ, ಪಶ್ಚಿಮಕ್ಕೆ ತನ್ನದೇ ನಗರ ಪಾಲಿಕೆ ದೊರೆತಿದೆ. ಹೊಸ ಪಾಲಿಕೆಗೆ ದೊಡ್ಡ ಯೋಜನೆಗಳು ನೂರಿರಬಹುದು. ಬೆನ್ನಿಗೆ ಆಸರೆಯುಳ್ಳ ಬೆಂಚು, ಮಂಡಿನೋವಿನವರು ಹಿಡಿದು ಏಳಲು ಒಂದು ಕೈಪಿಡಿ, ಹತ್ತಿರದಲ್ಲಿ ಶುಚಿಯಾದ ಶೌಚಾಲಯ, ಇಷ್ಟನ್ನು ಮೊದಲು ಮಾಡಿದರೆ ಹರಸುವವರು ಬಹಳ. ಬರಿಯ ಕಲ್ಲುಬೆಂಚು ನೋಡಲು ಭದ್ರ. ಅರ್ಧ ಗಂಟೆ ಕೂತರೆ ಗೊತ್ತಾಗುತ್ತದೆ.

ಗೃಹಿಣಿಯರ ಮಾತು ಬೇರೆ. ಗಂಡಸು ಕೆಲಸವಿಲ್ಲದೆ ರಸ್ತೆಯ ಬದಿ ನಿಂತರೆ ಯಾರೂ ಹುಬ್ಬೇರಿಸುವುದಿಲ್ಲ. ಹೆಣ್ಣಿಗೆ ಒಂದು ನೆಪ ಬೇಕು. ಕೊತ್ತಂಬರಿಯ ನೆಪ, ಮಗುವಿನ ಶಾಲೆಯ ನೆಪ, ದೇವರ ನೆಪ. ರಾಜಾಜಿನಗರದ ರಾಮಮಂದಿರದಲ್ಲಾಗಲಿ, ವಿಜಯನಗರದ ಮಾರುತಿ ಮಂದಿರದಲ್ಲಾಗಲಿ ಪ್ರದಕ್ಷಿಣೆ ಮುಗಿದ ಮೇಲೂ ಪ್ರಾಂಗಣದಲ್ಲಿ ಕೂತಿರುವ ಮಾತೆಯರನ್ನು ಕಂಡವರಿಗೆ ಇದು ಅರ್ಥವಾದೀತು. ಪ್ರಸಾದ ಒಂದು ಹಿಡಿ, ಸುದ್ದಿ ಒಂದು ಮಡಿಲು. 2023ರ ಜೂನ್‌ನಿಂದ ಶಕ್ತಿ ಯೋಜನೆಯಂತೆ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲ. ಬಸ್ಸಿನ ದುಡ್ಡು ಉಳಿಸಲು ಅಕ್ಕನ ಮನೆಗೆ ಹೋಗದಿದ್ದವರು ಈಗ ವಾರಕ್ಕೊಮ್ಮೆ ಹೋಗುತ್ತಾರೆ. ಹೋಗುವ ದಾರಿಯಲ್ಲಿ ಪಕ್ಕದ ಸೀಟಿನವರ ಸ್ನೇಹವೂ ಆಗುತ್ತದೆ.

ಹಾಗೆ ಬಸ್ಸು ಹತ್ತಿದರೆ ಪಶ್ಚಿಮದ ಅತಿ ದೊಡ್ಡ ಜಗಲಿ ದೂರವೇನಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಸಾವಿರ ಎಕರೆಗೂ ಮಿಗಿಲಾದ ಹಸುರು. 2021ರಲ್ಲಿ ಮೆಟ್ರೋ ಕೆಂಗೇರಿಯವರೆಗೆ ಬಂದಾಗ ಅದರ ಹೆಸರಿನದೇ ಒಂದು ನಿಲ್ದಾಣವೂ ಆಯಿತು. ಬೆಳಗಿನ ಜಾವ ಇಲ್ಲಿ ನಡೆಯುವವರು ಮೊದಲ ವಾರ ತಲೆದೂಗುತ್ತಾರೆ, ಎರಡನೆಯ ವಾರ ನಗುತ್ತಾರೆ, ಮೂರನೆಯ ವಾರ ಮಧುಮೇಹದ ಪ್ರಮಾಣವನ್ನು ಹೋಲಿಸಿ ನೋಡುತ್ತಾರೆ. ಪಕ್ಕದ ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮವಿದೆ. ರಂಗಭೂಮಿಯ ವಿದ್ಯಾರ್ಥಿಗಳು ಅಲ್ಲಿ ಅಭ್ಯಾಸ ನಡೆಸುತ್ತಾರೆ. ಜಿ. ಎಸ್. ಶಿವರುದ್ರಪ್ಪ, ಯು. ಆರ್. ಅನಂತಮೂರ್ತಿಯವರ ಅಂತ್ಯಸಂಸ್ಕಾರ ನಡೆದದ್ದೂ ಅಲ್ಲಿಯೇ. ಬದುಕಿದ್ದಾಗ ಇಬ್ಬರೂ ಮಾತಿನಲ್ಲಿ ಮಹಾ ರಸಿಕರು. ಅವರ ನೆರೆಯಲ್ಲಿ ತುಸು ಹೊತ್ತು ಕೂತು ಹರಟಿದರೆ ಅವರೇನೂ ಬೇಸರಪಡಲಾರರು.

ಬಸವೇಶ್ವರನಗರದಿಂದ ಹೊರಟ ಆ ಮಹನೀಯರು ಅಷ್ಟು ದೂರ ಹೋಗಲಿಲ್ಲ. ಹಾವನೂರು ವೃತ್ತದ ಹತ್ತಿರ, ಬಾಗಿಲು ಮುಚ್ಚಿದ ಅಂಗಡಿಯೊಂದರ ಮೆಟ್ಟಿಲಿನ ಮೇಲೆ ಅವರಿಗೊಂದು ಜಾಗ ಗೊತ್ತಾಗಿದೆ. ಮಾಲಿಕನು ಬೇಡವೆಂದಿಲ್ಲ. ಮೊದಲು ಅವರೊಬ್ಬರೇ ಕೂರುತ್ತಿದ್ದರು. ಅನಂತರ ಕುರುಬರಹಳ್ಳಿಯ ಕಡೆಯಿಂದ ಒಬ್ಬರು, ಬ್ಯಾಂಕಿನಲ್ಲಿದ್ದವರೊಬ್ಬರು. ಈಗ ಐವರಾಗಿದ್ದಾರೆ, ಮೆಟ್ಟಿಲು ಮೂರೇ. ತಡವಾಗಿ ಬಂದವರು ನಿಲ್ಲಬೇಕು. ಆದ್ದರಿಂದಲೇ ಅವರು ಐದೂವರೆಗೆ ಸರಿಯಾಗಿ ಮನೆ ಬಿಡುತ್ತಾರೆ.