ಫಿಟ್ಸ್ ಮಾತ್ರೆ: ಮಗುವಿನ ಕೆಮ್ಮು ಶೀತವಲ್ಲದಿರಬಹುದು

ಸಂಸೆ: ಮಳೆಗಾಲದಲ್ಲಿ ಕಳಸ, ಸಂಸೆಯ ಕಾಫಿ ಸೀಮೆಯಲ್ಲಿ ಮಕ್ಕಳಿಗೆ ಜ್ವರ, ಕೆಮ್ಮು ಹೊಸತಲ್ಲ. ಆದರೆ ಮೂರ್ಛೆರೋಗಕ್ಕೆ ಮಾತ್ರೆ ಆರಂಭಿಸಿದ 2ರಿಂದ 8 ವಾರಗಳೊಳಗೆ ಮಗುವಿಗೆ ಜ್ವರ, ಮೈಮೇಲೆ ಕೆಂಪು ದದ್ದು, ಮುಖದಲ್ಲಿ ಊತ ಕಾಣಿಸಿಕೊಂಡು, ಜತೆಗೆ ಕೆಮ್ಮು, ಏದುಸಿರು ಇದ್ದರೆ ಶೀತವೆಂದು ಕಡೆಗಣಿಸುವಂತಿಲ್ಲ.

ಫೆನಿಟಾಯಿನ್, ಕಾರ್ಬಮಜೆಪಿನ್, ಫೀನೋಬಾರ್ಬಿಟಾಲ್, ಲ್ಯಾಮೊಟ್ರಿಜಿನ್ ಬಹುತೇಕ ಮಕ್ಕಳಿಗೆ ಒಗ್ಗುತ್ತವೆ. ಕೆಲವರಲ್ಲಿ ಮಾತ್ರ ಅಲರ್ಜಿಯುಂಟಾಗಿ, ರಕ್ತದಲ್ಲಿ ಇಯೊಸಿನೊಫಿಲ್ ಕಣಗಳು ಹೆಚ್ಚುತ್ತವೆ. ಯಕೃತ್ತಿಗೆ, ಕೆಲವೊಮ್ಮೆ ಶ್ವಾಸಕೋಶಕ್ಕೂ ಧಕ್ಕೆಯಾಗುತ್ತದೆ. ಎಕ್ಸ್‌ರೇಯಲ್ಲಿ ಇದು ನ್ಯುಮೋನಿಯಾದಂತೆಯೇ ಕಾಣಬಹುದಾದ್ದರಿಂದ ಆಂಟಿಬಯೋಟಿಕ್ ಕೊಡುತ್ತಾ ದಿನ ಕಳೆಯುವ ಅಪಾಯವಿದೆ. ಮಾತ್ರೆಯ ಚೀಟಿ, ಆರಂಭಿಸಿದ ದಿನಾಂಕವನ್ನು ವೈದ್ಯರಿಗೆ ತೋರಿಸಿದರೆ ಅರ್ಧ ರೋಗಪತ್ತೆಯಾದಂತೆಯೇ.

ತೊಡಕಿರುವುದು ಇಲ್ಲಿ. ಅಲರ್ಜಿ ತಂದ ಔಷಧ ಬೇಗನೆ ನಿಲ್ಲಬೇಕು. ಪೋಷಕರೇ ಏಕಾಏಕಿ ನಿಲ್ಲಿಸಿದರೆ ಸೆಳವು ಬಿಡದೆ ಕಾಡಬಹುದು. ಹಾಗಾಗಿ ಮುಂದಿನ ಡೋಸ್‌ಗೆ ಮುನ್ನವೇ ವೈದ್ಯರನ್ನು ಕಾಣಬೇಕು. ಫೆನಿಟಾಯಿನ್ ಒಗ್ಗದ ಮಗುವಿಗೆ ಕಾರ್ಬಮಜೆಪಿನ್, ಫೀನೋಬಾರ್ಬಿಟಾಲ್ ಕೂಡ ಒಗ್ಗದಿರಬಹುದು. ಬದಲಿಗೆ ಲೆವೆಟಿರಾಸಿಟಮ್‌ನಂಥ ಔಷಧವನ್ನು ವೈದ್ಯರು ಆರಿಸುವುದುಂಟು.

ಔಷಧಗಳ ಅಡ್ಡಪರಿಣಾಮ ದಾಖಲಿಸಲು 2010ರಲ್ಲಿ ಆರಂಭವಾದ ರಾಷ್ಟ್ರೀಯ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ವೈದ್ಯರಷ್ಟೇ ಅಲ್ಲ, ಪೋಷಕರೂ ಕರೆ ಮಾಡಬಹುದು.